ಶಿಸ್ತಪ್ಪನವರು ಪಟ್ಟಿ ಶುದ್ಧ ಮಾಡಿದ್ದು

ಮೂರು ದಿನದ ಕಂಪ್ಯೂಟರ್ ತರಬೇತಿ ಮುಗಿಸಿ ಬಂದ ಮಾರನೆಯ ವಾರವೇ ಶಿಸ್ತಪ್ಪನವರ ಮನೆಯ ಗೇಟಿಗೆ ಒಂದು ಬೋರ್ಡು ಬಿತ್ತು. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ: 'ಲಿನಕ್ಸ್ ವ್ಯವಸ್ಥಾಪಕರು'. ಬೋರ್ಡು ಬರೆದವನು ಜಾಗ ಸಾಲದೆ 'ವ್ಯವಸ್ಥಾ' ಎಂಬುದನ್ನು ಒಂದು ಸಾಲಿಗೂ 'ಪಕರು' ಎಂಬುದನ್ನು ಇನ್ನೊಂದು ಸಾಲಿಗೂ ಹಾಕಿದ್ದ. ದಾರಿಹೋಕರು 'ಪಕರು' ಎಂದರೆ ಯಾವುದೋ ದೊಡ್ಡ ಹುದ್ದೆಯೇ ಇರಬೇಕೆಂದು ಬಗೆದು, ಅವರು ಎದುರಾದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯತೊಡಗಿದರು. ಎದುರು ಮನೆಯಾಕೆ ಕೆಟ್ಟ ಇಸ್ತ್ರಿ ಪೆಟ್ಟಿಗೆಯನ್ನು ತಂದುಕೊಟ್ಟು, "ನಿಧಾನಕ್ಕೇ ಆಗ್ಲಿ, ಅವಸರ ಇಲ್ಲ" ಎಂದರು. ಶಿಸ್ತಪ್ಪನವರು ಬೇಡ ಎನ್ನಲಿಲ್ಲ. ಇಲ್ಲ, ಆಗುವುದಿಲ್ಲ, ಗೊತ್ತಿಲ್ಲ ಎಂಬ ಮೂರು ಮಾತು ವ್ಯವಸ್ಥಾಪಕರ ಬಾಯಲ್ಲಿ ಬರಬಾರದೆಂದು ಅವರೇ ಒಂದು ನಿಯಮ ಮಾಡಿಕೊಂಡಿದ್ದರು.

ಶಿಸ್ತಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಸಹೋದ್ಯೋಗಿಗಳು ಕೊಟ್ಟ ಬಿರುದು. ಹೆರಿಗೆ ಆಸ್ಪತ್ರೆಯ ರಕ್ತನಿಧಿಯಲ್ಲಿ ಅವರು ಹದಿನೆಂಟು ವರ್ಷದಿಂದ ಗುಮಾಸ್ತರು. ಅವರ ಮೇಜಿನ ಮೇಲೆ ಪೆನ್ನುಗಳು ಎತ್ತರದ ಪ್ರಕಾರ ನಿಂತಿರುತ್ತಿದ್ದವು. ಮನೆಯಲ್ಲಿ ಚಪ್ಪಲಿಗಳು ವಯಸ್ಸಿನ ಪ್ರಕಾರ. ಎಲ್ಲಿ ಒಂದೇ ವಸ್ತು ಎರಡು ಕಂಡರೂ ಅವರ ಕೈ ತುರಿಸುತ್ತಿತ್ತು. ಒಮ್ಮೆ ಹೆಂಡತಿಯ ಎರಡು ಕತ್ತರಿಗಳಲ್ಲಿ ಒಂದನ್ನು 'ಹೆಚ್ಚುವರಿ' ಎಂದು ಯಾರಿಗೋ ಕೊಟ್ಟುಬಿಟ್ಟಿದ್ದರು. ಉಳಿದದ್ದು ಮೊಂಡು ಕತ್ತರಿ ಎಂಬುದು ಆಮೇಲೆ ಗೊತ್ತಾಯಿತು. ಅವರು ಅದನ್ನು ಕತ್ತರಿಯ ತಪ್ಪೆಂದೇ ಪರಿಗಣಿಸಿದರು.

ರಕ್ತನಿಧಿ ಎಂದರೆ ಮೂರು ಕೋಣೆ. ಮುಂದಿನದರಲ್ಲಿ ಕೌಂಟರು, ನಡುವಿನದರಲ್ಲಿ ರಕ್ತ ಕೊಡುವವರು ಒರಗಿಕೊಳ್ಳುವ ಎರಡು ಮಂಚ, ಹಿಂದಿನದರಲ್ಲಿ ಎರಡು ದೊಡ್ಡ ಫ್ರಿಜ್ಜು ಮತ್ತು ಒಂದು ಕಂಪ್ಯೂಟರ್. ಊರಿನಲ್ಲಿ ಯಾರದು ಯಾವ ಗುಂಪು, ಯಾರು ಕೊನೆಯ ಸಲ ಯಾವಾಗ ಕೊಟ್ಟರು, ಯಾರಿಗೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರ ಹೊಟ್ಟೆಯಲ್ಲಿತ್ತು. ಅದನ್ನು ಬಳಸುವವರು ಮೂವರೇ: ಮುಖ್ಯಸ್ಥೆಯಾದ ಡಾಕ್ಟರಮ್ಮ, ಕೌಂಟರಿನ ಸಿಸ್ಟರ್ ಮತ್ತು ನಮ್ಮ ಶಿಸ್ತಪ್ಪನವರು. ಪಾಸ್‌ವರ್ಡ್ ಕೊಟ್ಟು ಒಳಗೆ ಹೋದ ಕೂಡಲೇ ದಾನಿಗಳ ಪಟ್ಟಿ ತಾನಾಗಿಯೇ ತೆರೆದುಕೊಳ್ಳುವಂತೆ ಎಂಜಿನಿಯರೊಬ್ಬರು ವರ್ಷಗಳ ಹಿಂದೆ ಏರ್ಪಾಡು ಮಾಡಿದ್ದರು. ಆ ಎಂಜಿನಿಯರು ಈಗ ಬೇರೆ ಊರಿನಲ್ಲಿದ್ದುದರಿಂದಲೇ ಶಿಸ್ತಪ್ಪನವರಿಗೆ ತರಬೇತಿಯೂ, ಯಂತ್ರದ ಸರ್ವಾಧಿಕಾರವಿರುವ 'ರೂಟ್' ಎಂಬ ಖಾತೆಯ ಪಾಸ್‌ವರ್ಡೂ ದಕ್ಕಿದ್ದು.

ಇಲ್ಲಿ ಓದುಗರಿಗೆ ಸ್ವಲ್ಪ ಯಂತ್ರಶಾಸ್ತ್ರ ಹೇಳಬೇಕಾಗಿದೆ. ಗಾಬರಿ ಬೇಡ, ಶಿಸ್ತಪ್ಪನವರಿಗೆ ತಿಳಿದದ್ದಕ್ಕಿಂತ ಹೆಚ್ಚು ಹೇಳುವುದಿಲ್ಲ. ಲಿನಕ್ಸ್ ಯಂತ್ರದೊಳಗೆ ಕಾಲಿಟ್ಟವರನ್ನು ಬಾಗಿಲಲ್ಲೇ ಎದುರುಗೊಂಡು, ಅವರ ಮಾತನ್ನು ಯಂತ್ರಕ್ಕೂ ಯಂತ್ರದ ಮಾತನ್ನು ಅವರಿಗೂ ಮುಟ್ಟಿಸುವ ಒಂದು ಪ್ರೋಗ್ರಾಮ್ ಇರುತ್ತದೆ. ಅದಕ್ಕೆ ಶೆಲ್ ಎಂದು ಹೆಸರು, ಅಂದರೆ ಚಿಪ್ಪು. ಯಾರಿಗೆ ಯಾವ ಚಿಪ್ಪು ಎಂದು ಅವರವರ ಖಾತೆಯಲ್ಲಿ ಬರೆದಿರುತ್ತದೆ. ಯಾವ ಯಾವ ಚಿಪ್ಪುಗಳಿಗೆ ಮಾನ್ಯತೆ ಇದೆ ಎಂಬುದಕ್ಕೆ ಬೇರೆಯೇ ಒಂದು ಪಟ್ಟಿ. ಖಾತೆಯಲ್ಲಿ ಬರೆದ ಚಿಪ್ಪು ಆ ಪಟ್ಟಿಯಲ್ಲಿ ಅಕ್ಷರ ಬಿಡದಂತೆ ಹಾಗೆಯೇ ಇಲ್ಲದಿದ್ದರೆ, ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲು ತೆರೆಯಬಾರದು ಎಂದು ಎಂಜಿನಿಯರು ಭದ್ರತೆಗಾಗಿ ಕಟ್ಟಪ್ಪಣೆ ಮಾಡಿದ್ದರು.

ತರಬೇತಿಯಲ್ಲಿ ಇದನ್ನೆಲ್ಲ ಹೇಳಿದಾಗ ಶಿಸ್ತಪ್ಪನವರು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡದ್ದು ಇಷ್ಟು: 'ಚಿಪ್ಪು. ಮಾನ್ಯತೆ. ಪಟ್ಟಿ ಬಹಳ ಮುಖ್ಯ.' ಪಟ್ಟಿ ಬಹಳ ಮುಖ್ಯವಾದರೆ ಅದು ಚೊಕ್ಕಟವಾಗಿರಬೇಕು. ಚೊಕ್ಕಟ ಮಾಡುವುದರಲ್ಲಿ ತಮ್ಮನ್ನು ಮೀರಿಸುವವರು ಯಾರು?

ಒಂದು ಮಂಗಳವಾರ ಸಂಜೆ, ಡಾಕ್ಟರಮ್ಮನೂ ಸಿಸ್ಟರೂ ಮನೆಗೆ ಹೋದ ಮೇಲೆ, ಅವರು ರೂಟ್ ಖಾತೆಯಿಂದ ಒಳಗೆ ಹೋಗಿ ಆ ಪಟ್ಟಿಯನ್ನು ಹುಡುಕಿದರು. ಅದು ಇದ್ದದ್ದು ಇಂಗ್ಲಿಷಿನಲ್ಲಿ 'ಇತ್ಯಾದಿ' ಎಂಬರ್ಥದ ಹೆಸರಿನ, ಯಂತ್ರದೊಳಗಿನ ಒಂದು ಕಪಾಟಿನಲ್ಲಿ. "ಇಷ್ಟು ಮುಖ್ಯವಾದ ಕಾಗದನ ಇತ್ಯಾದಿಗೆ ಹಾಕಿದಾರಲ್ಲ!" ಎಂದು ಎಂಜಿನಿಯರ ಮೇಲೆ ಮೊದಲ ಬೇಸರ ಅಲ್ಲೇ ಹುಟ್ಟಿತು. ಪಟ್ಟಿ ತೆರೆದರೆ ಎಣಿಸಿ ಐದು ಸಾಲು. ಐದರಲ್ಲಿ ಬ್ಯಾಶ್ ಎಂಬ ಚಿಪ್ಪಿನ ಹೆಸರು ಎರಡು ಸಲ! ಒಂದು ಚಿಕ್ಕ ವಿಳಾಸದಲ್ಲಿ, ಇನ್ನೊಂದು ಉದ್ದ ವಿಳಾಸದಲ್ಲಿ. ಒಬ್ಬನೇ ಆಸಾಮಿ ಎರಡು ಕಡೆ ಮನೆ ಮಾಡಿದ್ದಾನೆಂದರೆ ಒಂದು ಮನೆಯಲ್ಲಿ ಏನೋ ಮುಚ್ಚುಮರೆ ಇದೆ ಎಂದೇ ಅರ್ಥ. ಉದ್ದ ವಿಳಾಸ ಕೊಟ್ಟವನು ಪ್ರಾಮಾಣಿಕ ಎಂದು ಅದನ್ನುಳಿಸಿ, ಚಿಕ್ಕದನ್ನು ಅಳಿಸಿದರು. ಕೊನೆಯ ಸಾಲಿನಲ್ಲಿ ಇನ್ನೂ ದೊಡ್ಡ ಆಘಾತ ಕಾದಿತ್ತು. 'ದಾನಿಮೆನು' ಎಂಬ, ತರಬೇತಿಯಲ್ಲಿ ಹೆಸರೇ ಕೇಳದ ಒಂದು ಚಿಪ್ಪು. ಅದರ ವಿಳಾಸದ ನಟ್ಟನಡುವೆ ಕಣ್ಣಿಗೆ ಹೊಡೆಯುವಂತೆ 'ಲೋಕಲ್' ಎಂಬ ಪದ.

"ಲೋಕಲ್ ಮಾಲು!" ಎಂದು ಶಿಸ್ತಪ್ಪನವರು ಖಾಲಿ ಕೋಣೆಗೆ ಕೇಳಿಸುವಂತೆ ಉದ್ಗರಿಸಿದರು. "ಅಸಲಿ ಪಟ್ಟೀಲಿ ಲೋಕಲ್ ಮಾಲು!"

ಅದನ್ನೂ ಅಳಿಸಿದರು. ಶಿಸ್ತಾಗಿ ಲಾಗೌಟ್ ಮಾಡಿ, ಕಂಪ್ಯೂಟರಿಗೆ ಬಟ್ಟೆ ಹೊದಿಸಿ, ದೀಪ ಆರಿಸಿ, ಹತ್ತು ವರ್ಷದ ಕಸ ಗುಡಿಸಿದವರ ಹಾಗೆ ಹಗುರಾಗಿ ಮನೆಗೆ ನಡೆದರು. ಆ ಚಿಕ್ಕ ವಿಳಾಸದ ಬ್ಯಾಶೇ ರೂಟ್ ಖಾತೆಯ ಚಿಪ್ಪು, ಆ ಲೋಕಲ್ ಮಾಲೇ ಅವರೂ ಸೇರಿ ಮೂವರೂ ದಿನಾ ಒಳಗೆ ಹೋಗುವ ಚಿಪ್ಪು ಎಂಬುದು ಅವರಿಗೆ ಗೊತ್ತಿರಲಿಲ್ಲ. ಈಗ ಆ ಯಂತ್ರದೊಳಗೆ ಹೋಗಬಲ್ಲ ಮನುಷ್ಯ ಊರಿನಲ್ಲಿ ಒಬ್ಬನೂ ಉಳಿದಿರಲಿಲ್ಲ.

ಮನೆಯಂಗಳದಲ್ಲಿ ಹೆಂಡತಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು.

"ಏನ್ರೀ, ಇವತ್ತು ಮುಖ ಇಷ್ಟು ಅರಳಿದೆ?"

"ರಕ್ತನಿಧಿ ಪಟ್ಟಿ ಶುದ್ಧ ಮಾಡ್ಬಿಟ್ಟೆ ಕಣೆ! ಎಷ್ಟು ವರ್ಷದ ಕೊಳೆ ಅಂತೀಯ. ಯೋಗ್ಯತೆ ಇಲ್ದೇ ಇರೋವೆಲ್ಲ ಸೇರ್ಕೊಂಡು ಕೂತಿದ್ವು."

"ಯಾವುವು?"

"ನಿಂಗರ್ಥ ಆಗಲ್ಲ ಬಿಡು. ಒಂದು ಲೋಕಲ್ ಇತ್ತು, ಕಿತ್ತು ಬಿಸಾಕ್ದೆ. ಇನ್ನೊಂದು ಹಳೇದು. ನಾಚಿಕೆ ಇಲ್ದೆ ಎರಡೆರಡು ಸಲ ಹೆಸರು ಹಾಕಿಸ್ಕೊಂಡಿತ್ತು. ಅದಕ್ಕೂ ಗೇಟ್‌ಪಾಸ್ ಕೊಟ್ಟೆ."

"ಅಯ್ಯೋ ಪಾಪ, ಅದರ ಪಾಡಿಗೆ ಅದು ಇರ್ತಿತ್ತಪ್ಪ."

"ಎಲ್ಲಾದಕ್ಕೂ ಪಾಪ ಅಂತ ಕೂತ್ರೆ ಆಡಳಿತ ನಡೆಯತ್ತಾ?"

ಪಕ್ಕದ ಕಾಂಪೌಂಡಿನೊಳಗೆ ಗಿಡಕ್ಕೆ ನೀರು ಬಿಡುತ್ತಿದ್ದ ಮೇಷ್ಟ್ರ ಕೈಯಿಂದ ಪೈಪು ಜಾರಿತು. ಇವರು ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿ ನಿವೃತ್ತರಾದವರು. ಆ ರಕ್ತನಿಧಿಗೆ ನಲವತ್ತೊಂದು ಸಲ ರಕ್ತ ಕೊಟ್ಟವರು. ಮೇಲಾಗಿ, ಕಳೆದ ವರ್ಷ ಅವರ ದಾನಿ ಕಾರ್ಡು ಅಂಗಿಯ ಜೇಬಿನಲ್ಲೇ ಒಗೆತಕ್ಕೆ ಹೋಗಿ ಮುದ್ದೆಯಾದದ್ದರಿಂದ, ಎರಡನೆಯ ಸಲ ಹೆಸರು ಬರೆಸಿ ಹೊಸ ಕಾರ್ಡು ಮಾಡಿಸಿಕೊಂಡಿದ್ದರು. ಹಳೇದು, ಎರಡೆರಡು ಸಲ, ನಾಚಿಕೆ ಇಲ್ಲದ್ದು. ಇನ್ನು ಸಂಶಯವೇಕೆ?

ಮೇಷ್ಟ್ರು ಪೈಪನ್ನು ಅಲ್ಲೇ ಬಿಟ್ಟು, ಒದ್ದೆ ಕಾಲಿನಲ್ಲೇ ಬೀದಿಯ ತುದಿಯ ದರ್ಜಿಯ ಅಂಗಡಿಗೆ ನಡೆದರು. ದರ್ಜಿ ಅವರ ಹಳೆಯ ಶಿಷ್ಯ. ನಾಲ್ಕೈದು ತಿಂಗಳಿಗೊಮ್ಮೆ ಇಬ್ಬರೂ ಒಟ್ಟಿಗೇ ಹೋಗಿ ಅಕ್ಕಪಕ್ಕದ ಮಂಚದಲ್ಲಿ ಮಲಗಿ ರಕ್ತ ಕೊಟ್ಟು ಬರುವ ಜೋಡಿ.

"ನಮ್ಮನ್ನ ಪಟ್ಟಿಯಿಂದ ತೆಗೆದುಬಿಟ್ಟಿದಾನೆ ಕಣಯ್ಯ!"

"ಯಾರು ಸಾರ್?"

"ಅವನೇ, ಆ ಪಕರು! ಯೋಗ್ಯತೆ ಇಲ್ದೋವು ಅಂದ. ಕೇಳಿಸ್ಕೊಂಡ್ಯಾ? ಇಲ್ದೋರು ಅನ್ನಲಿಲ್ಲ. ಇಲ್ದೋವು! ಸೇರ್ಕೊಂಡಿದ್ವು! ನಲವತ್ತೊಂದು ಸಲ ರಕ್ತ ಕೊಟ್ಟೋನನ್ನ ನಪುಂಸಕಲಿಂಗದಲ್ಲಿ ಬೈದ!"

ದರ್ಜಿಗೆ ಲಿಂಗದ ವಿಷಯ ಅಷ್ಟಾಗಿ ನಾಟಲಿಲ್ಲ. "ನನ್ನ ಬಗ್ಗೆ ಏನಂದ್ರು?" ಎಂದ.

"ಒಂದು ಲೋಕಲ್ ಇತ್ತು, ಕಿತ್ತು ಬಿಸಾಕ್ದೆ ಅಂದ."

ದರ್ಜಿ ಹೊಲಿಗೆ ಯಂತ್ರದಿಂದ ಕಾಲು ತೆಗೆದ. ಅವನ ಅಪ್ಪ ಇದೇ ಬೀದಿಯಲ್ಲಿ ಹುಟ್ಟಿದ್ದ. ಅವನೂ ಇದೇ ಬೀದಿಯಲ್ಲಿ ಹುಟ್ಟಿದ್ದ. "ನಾನು ಲೋಕಲ್ಲೇ" ಎಂದ ಗಂಭೀರವಾಗಿ. "ಆದ್ರೆ ನನ್ನ ರಕ್ತಕ್ಕೆ ಯಾರೂ ಲೋಕಲ್ ಅನ್ನೋ ಹಾಗಿಲ್ಲ. ನಾಳೆ ಬೆಳಿಗ್ಗೆ ಹೋಗಿ ಕೇಳೇಬಿಡ್ತೀನಿ." ಅವನು ಯಾರದೋ ಅಂಗಿಗೆ ಎಡತೋಳನ್ನು ಬಲಕ್ಕೆ ಹೊಲಿದದ್ದು ಆ ಸಂಜೆಯೇ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಸಿಸ್ಟರ್ ಪಾಸ್‌ವರ್ಡ್ ಹಾಕಿದರು. ಯಂತ್ರ ಒಪ್ಪಲಿಲ್ಲ. ಎರಡನೆಯ ಸಲ ನಿಧಾನವಾಗಿ ಹಾಕಿದರು. ಮೂರನೆಯ ಸಲ ಒಂದೊಂದೇ ಅಕ್ಷರವನ್ನು ಬೆರಳಿನಿಂದ ಚುಚ್ಚಿ ಹಾಕಿದರು. ಡಾಕ್ಟರಮ್ಮ ಬಂದು ತಮ್ಮದನ್ನು ಹಾಕಿದರು, ಅದೂ ಇಲ್ಲ.

"ನಿಮ್ಮದನ್ನ ನಾನು ಹಾಕ್ತೀನಿ, ಹೇಳಿ ಸಿಸ್ಟರ್."

ಸಿಸ್ಟರ್ ಒಮ್ಮೆ ಶಿಸ್ತಪ್ಪನವರ ಕಡೆ ನೋಡಿದರು. "ಬೇಡ ಮೇಡಂ. ಚೀಟಿ ಮೇಲೆ ಬರೆದುಕೊಡ್ತೀನಿ."

"ಹೇಳ್ರೀ, ಹೊತ್ತಾಗತ್ತೆ!"

"ಶಿಸ್ತಪ್ಪ ಶನಿಕಾಟ ಹದಿನೆಂಟು" ಎಂದರು ಸಿಸ್ಟರ್, ನೆಲ ನೋಡುತ್ತ. "ನಡುವೆ ಜಾಗ ಇಲ್ಲ."

ಶಿಸ್ತಪ್ಪನವರು ಇದಕ್ಕೆ ಏನಾದರೂ ಹೇಳಬೇಕಿತ್ತು. ಆದರೆ ಅವರ ಮನಸ್ಸು ಆಗ ಬೇರೆಡೆ ಇತ್ತು. "ಸ್ವಲ್ಪ ಸರೀರಿ, ವ್ಯವಸ್ಥಾಪಕರ ಖಾತೆ ಅಂತ ಒಂದಿದೆ" ಎಂದು ಕುಳಿತು ರೂಟ್ ಪಾಸ್‌ವರ್ಡ್ ಹಾಕಿದರು. ಯಂತ್ರ ಅವರನ್ನೂ ಅದೇ ಮರ್ಯಾದೆಯಿಂದ ಹೊರಗೆ ಕಳಿಸಿತು. ನಿನ್ನೆ ಸಂಜೆಯ ಆ ಎರಡು ಸಾಲು ಕಣ್ಣ ಮುಂದೆ ಬಂದು ನಿಂತವು.

"ಏನಾಗಿರಬಹುದು?" ಎಂದರು ಡಾಕ್ಟರಮ್ಮ.

"ವೈರಸ್ ಇರಬಹುದು ಮೇಡಂ."

ಹದಿನೆಂಟು ವರ್ಷದಲ್ಲಿ ಅವರು ಕಚೇರಿಯಲ್ಲಿ ಹೇಳಿದ ಮೊದಲ ಸುಳ್ಳು ಅದು. ಅಭ್ಯಾಸವಿಲ್ಲದ್ದರಿಂದ ಧ್ವನಿ ಬೇರೆ ಯಾರದೋ ಎಂಬಂತೆ ಬಂತು. ಅವರು ಹೊರಗೆ ಹೋಗಿ ಎಂಜಿನಿಯರಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ. ತಲೆಯೆತ್ತಿ ನೋಡಿದರೆ ಗೇಟಿನೊಳಗೆ ಮೇಷ್ಟ್ರು ಮುಂದೆ, ದರ್ಜಿ ಅವರ ಪಕ್ಕದಲ್ಲಿ, ಹಿಂದೆ ರಾತ್ರಿಯೊಳಗೆ ಸುದ್ದಿ ಮುಟ್ಟಿದ್ದ ಇನ್ನೂ ಏಳೆಂಟು ಜನ ಬರುತ್ತಿದ್ದರು. ದರ್ಜಿಯ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಎಲ್ಲರ ಕೈಯಲ್ಲೂ ದಾನಿ ಕಾರ್ಡು.

"ನಮ್ಮ ಹೆಸರು ಪಟ್ಟೀಲಿ ಇದೆಯೋ ಇಲ್ವೋ? ತೋರಿಸಿ!" ಎಂದು ಮೇಷ್ಟ್ರು ಕೌಂಟರಿನ ಮೇಲೆ ಕೈಯೂರಿದರು.

ಸಿಸ್ಟರಿಗೆ ತಲೆಬುಡ ತಿಳಿಯಲಿಲ್ಲ. "ಇವತ್ತು ಪಟ್ಟಿ ತೋರ್ಸೋಕಾಗಲ್ಲ ಸಾರ್" ಎಂದರು. ಅದೇ ಸಾಕಾಯಿತು.

"ನೋಡಿದ್ರಾ? ತೋರ್ಸೋಕಾಗಲ್ವಂತೆ! ಇದ್ರೆ ತಾನೇ ತೋರ್ಸೋದು?"

"ನಾನು ಹದಿನಾಲ್ಕು ಸಲ ಕೊಟ್ಟಿದೀನಿ, ನನ್ನನ್ನ ಯಾಕೆ ತೆಗೆದ್ರಿ?" ಎಂದಳು ಬೇಕರಿಯಾಕೆ. ಅವಳ ತೋಳಿಗೆ ಇನ್ನೂ ಹಿಟ್ಟು ಮೆತ್ತಿತ್ತು.

ಶಿಸ್ತಪ್ಪನವರು ಎರಡೂ ಕೈ ಮೇಲೆತ್ತಿದರು. "ದಯವಿಟ್ಟು ಕೇಳಿ! ನಾನು ಯಾರನ್ನೂ ತೆಗೆದಿಲ್ಲ. ನಾನು ತೆಗೆದದ್ದು ಚಿಪ್ಪು!"

"ಕೇಳಿಸ್ಕೊಳ್ಳಿ" ಎಂದ ದರ್ಜಿ. "ನಮ್ಮ ಕೈಗೆ ಚಿಪ್ಪು ಕೊಟ್ಟೆ ಅಂತ ಅವರೇ ಬಾಯ್ಬಿಟ್ಟು ಹೇಳ್ತಿದಾರೆ!"

ಆಮೇಲೆ ಯಾರು ಏನು ಹೇಳಿದರೆಂದು ಬರೆಯುವುದು ಕಷ್ಟ; ಎಲ್ಲರೂ ಒಟ್ಟಿಗೇ ಹೇಳಿದರು. ಮೇಷ್ಟ್ರ ಧ್ವನಿ ಮಾತ್ರ ಎಲ್ಲದರ ಮೇಲೆ ತೇಲಿ, "ಬಹುವಚನ! ನಪುಂಸಕಲಿಂಗ!" ಎಂದು ಕೇಳಿಸುತ್ತಿತ್ತು. ಅವರಿಗೆ ಸಮಾಧಾನ ಹೇಳಲೆಂದು ಬಂದ ಕಾವಲುಗಾರನೂ ವಿಷಯ ಅರ್ಧ ತಿಳಿದುಕೊಂಡು, "ನಂದೂ ತೆಗೆದಿದಾರಾ?" ಎಂದು ಜೇಬಿನಿಂದ ಕಾರ್ಡು ಹೊರತೆಗೆದ.

ಆ ಗದ್ದಲದ ನಡುವೆಯೇ ಒಳಗಿನ ಫೋನು ರಿಂಗಾಯಿತು. ಡಾಕ್ಟರಮ್ಮ ಎತ್ತಿ ಮಾತಾಡಿ ಕೆಳಗಿಟ್ಟು ಹೊರಗೆ ಬಂದಾಗ ಅವರ ಮುಖ ನೋಡಿ ಎಲ್ಲರೂ ತಾವಾಗಿಯೇ ಬಾಯಿ ಮುಚ್ಚಿದರು.

"ಮೇಲೆ ಹೆರಿಗೆ ವಾರ್ಡಿನಲ್ಲಿ ಒಬ್ಬ ಬಾಣಂತಿಗೆ ರಕ್ತಸ್ರಾವ ನಿಲ್ತಾ ಇಲ್ಲ" ಎಂದರು ಅವರು, ಸಿಸ್ಟರಿಗೂ ಶಿಸ್ತಪ್ಪನವರಿಗೂ ಮಾತ್ರ ಕೇಳುವಂತೆ. "ಓ ನೆಗೆಟಿವ್. ನಮ್ಮ ಹತ್ರ ಇದ್ದ ಎರಡು ಚೀಲಾನೂ ಮೇಲೆ ಹೋಗಿದೆ. ಇನ್ನೂ ಎರಡು ಬೇಕು, ಆದಷ್ಟು ಬೇಗ. ದೊಡ್ಡಾಸ್ಪತ್ರೆಯಿಂದ ತರಿಸಿದ್ರೆ ಹೋಗಿ ಬರೋಕೆ ನಾಲ್ಕು ಗಂಟೆ. ಊರಲ್ಲಿರೋ ಓ ನೆಗೆಟಿವ್ ದಾನಿಗಳು ಯಾರ್ಯಾರು, ಫೋನ್ ನಂಬರ್ ತೆಗೀರಿ."

"ಹೇಗೆ ತೆಗೀಲಿ ಮೇಡಂ? ಎಲ್ಲಾ ಅದರೊಳಗಿದೆ."

ಹಳೆಯ ರಿಜಿಸ್ಟರುಗಳು ಕಂಪ್ಯೂಟರು ಬಂದ ವರ್ಷವೇ ದಾಖಲೆ ಕೋಣೆ ಸೇರಿದ್ದವು. ಅವುಗಳಲ್ಲಿದ್ದ ಒಂದು ನಂಬರು ಸಿಸ್ಟರಿಗೆ ನೆನಪಿತ್ತು. ಮಾಡಿ ನೋಡಿದರೆ ಆ ಕಡೆಯಿಂದ ಯಾರೋ, "ಟೈರ್ ಅಂಗಡಿ, ಹೇಳಿ" ಎಂದರು.

ನಾನಿಲ್ಲಿ ಶಿಸ್ತಪ್ಪನವರನ್ನು ಹೊಗಳಲು ಹೊರಟಿಲ್ಲ. ಆದರೂ ನಡೆದದ್ದನ್ನು ಹೇಳಲೇಬೇಕು. ಅವರು ಅಷ್ಟೂ ಜನರೆದುರು, ಎದುರು ಮನೆಯವರ, ಪಕ್ಕದ ಮನೆಯವರ, ಕಾವಲುಗಾರನ ಎದುರು, ಕೈ ಜೋಡಿಸಿ ನಿಂತು ಹೇಳಿದರು:

"ಮೇಡಂ, ವೈರಸ್ ಅಲ್ಲ. ನಾನು. ನಿನ್ನೆ ಸಂಜೆ ಎರಡು ಸಾಲು ಅಳಿಸಿದೆ. ಚೊಕ್ಕಟ ಮಾಡ್ತಿದೀನಿ ಅಂದ್ಕೊಂಡೆ. ನನಗೆ ಏನೂ ಗೊತ್ತಿರಲಿಲ್ಲ ಮೇಡಂ. ಅದಕ್ಕೇ ಯಾರಿಗೂ ಒಳಗೆ ಹೋಗೋಕಾಗ್ತಿಲ್ಲ."

ಗೊತ್ತಿಲ್ಲ ಎಂಬ ಮಾತನ್ನು ಅದುವರೆಗೆ ಅವರ ಬಾಯಿಂದ ಕೇಳಿದವರು ಅಲ್ಲಿ ಯಾರೂ ಇರಲಿಲ್ಲ. ಡಾಕ್ಟರಮ್ಮ ಏನೋ ಹೇಳಲು ಬಾಯಿ ತೆರೆದರು. ಆದರೆ ಅವರಿಗಿಂತ ಮುಂಚೆ ದರ್ಜಿ ನುಗ್ಗಿದ. ಅವನಿಗೆ ಅರ್ಥವಾದದ್ದು 'ಅಳಿಸಿದೆ' ಎಂಬುದೊಂದೇ.

"ಒಪ್ಕೊಂಡ್ರಲ್ಲ! ಈಗ ನೋಡಿ ಇದನ್ನ!" ಎಂದು ಅವನು ತನ್ನ ಕಾರ್ಡನ್ನು ಶಿಸ್ತಪ್ಪನವರ ಮೂಗಿಗೆ ತಾಗುವಂತೆ ಹಿಡಿದು ಅಲ್ಲಾಡಿಸಿದ. "ಇಪ್ಪತ್ತೆರಡು ಸಲ! ಇಪ್ಪತ್ತೆರಡು ಮೊಹರು! ಇದು ಲೋಕಲ್ಲಾ? ಹೇಳಿ, ಇದು ಲೋಕಲ್ ರಕ್ತಾನಾ?"

ಕಾರ್ಡು ಬಲಕ್ಕೆ ಹೋಯಿತು, ಎಡಕ್ಕೆ ಬಂತು. ಶಿಸ್ತಪ್ಪನವರ ಕಣ್ಣು ಅದರ ಜೊತೆ ಬಲಕ್ಕೆ ಹೋಯಿತು, ಎಡಕ್ಕೆ ಬಂತು. ಮೂರನೆಯ ಸಲ ಎಡಕ್ಕೆ ಬಂದಾಗ ಅವರು ಅದನ್ನು ಗಪ್ಪನೆ ಹಿಡಿದುಬಿಟ್ಟರು.

"ಮೇಡಂ!" ಎಂದು ಕಿರುಚಿದರು. "ಓ ನೆಗೆಟಿವ್!"

"ಕಾರ್ಡ್ ಕೊಡ್ರೀ!" ಎಂದ ದರ್ಜಿ.

"ಕಾರ್ಡಲ್ಲ ಮಾರಾಯ, ನೀನೇ ಬೇಕು!"

ವಿಷಯ ತಿಳಿಯಲು ದರ್ಜಿಗೆ ಎರಡು ಉಸಿರಿನಷ್ಟು ಹೊತ್ತು ಹಿಡಿಯಿತು. ಕೊನೆಯ ಸಲ ಕೊಟ್ಟು ನಾಲ್ಕು ತಿಂಗಳಾಗಿದೆಯೆಂದು ಕಾರ್ಡಿನಲ್ಲೇ ಇತ್ತು. ಅವನು ಮತ್ತೇನೂ ಕೇಳದೆ ಕೊರಳಿಂದ ಟೇಪು ತೆಗೆದು ಮೇಷ್ಟ್ರ ಕೈಗೆ ಕೊಟ್ಟು, ತೋಳು ಮಡಚುತ್ತ ನಡುವಿನ ಕೋಣೆಗೆ ಹೋಗಿ ಮಂಚದ ಮೇಲೆ ಮಲಗಿದ. ಸಿಸ್ಟರ್ ಸೂಜಿ ಹಿಡಿದು ಬಂದಾಗ, "ಮೇಡಂ, ನನ್ನ ತಂಗೀದೂ ಇದೇ ಗುಂಪು" ಎಂದ. "ಬಸ್ ಸ್ಟ್ಯಾಂಡ್ ಹಿಂದೆ ಬಟ್ಟೆ ಅಂಗಡೀಲಿದಾಳೆ. ಅವಳು ಫೋನ್ ಎತ್ತಲ್ಲ. ಯಾರಾದ್ರೂ ಹೋಗಿ ಕರ್ಕೊಂಡು ಬನ್ನಿ."

ಮೇಷ್ಟ್ರು ಟೇಪನ್ನು ಕೊರಳಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದರು. ಅರವತ್ತೊಂದು ವರ್ಷದ ಆ ವ್ಯಾಕರಣ ಪಂಡಿತರು ಒಂದು ಕೆಂಪು ದೀಪವನ್ನೂ ಎರಡು ಉಬ್ಬುಗಳನ್ನೂ ಲೆಕ್ಕಿಸದೆ ಹೋಗಿ, ಗಿರಾಕಿಗೆ ಪರದೆ ಬಟ್ಟೆ ತೋರಿಸುತ್ತಿದ್ದ ಹೆಂಗಸನ್ನು, "ನಡೆಯಮ್ಮ, ನಿನ್ನ ಅಣ್ಣ ಆಸ್ಪತ್ರೇಲಿ ಮಲಗಿದಾನೆ!" ಎಂದು ಎಬ್ಬಿಸಿಕೊಂಡು ಬಂದರು. ಆಕೆ ದಾರಿಯುದ್ದಕ್ಕೂ ಅಳುತ್ತ ಬಂದಳು. ಅಣ್ಣ ಮಂಚದಲ್ಲಿ ಮಲಗಿ ಹಣ್ಣಿನ ರಸ ಕುಡಿಯುತ್ತಿರುವುದನ್ನು ಕಂಡ ಮೇಲೆ, ಮೊದಲು ಮೇಷ್ಟ್ರಿಗೆ ಬೈದು, ಆಮೇಲೆ ಅಣ್ಣನಿಗೆ ಬೈದು, ಕೊನೆಗೆ ಪಕ್ಕದ ಮಂಚದಲ್ಲಿ ತಾನೂ ಮಲಗಿದಳು.

ಪರೀಕ್ಷೆಗಳು ಮುಗಿದು ಎರಡು ಚೀಲಗಳೂ ಮೇಲೆ ಹೋಗುವ ಹೊತ್ತಿಗೆ ಎಂಜಿನಿಯರ ಫೋನು ಬಂತು. ಅವರು ಹಲ್ಲಿನ ಡಾಕ್ಟರ ಕುರ್ಚಿಯಿಂದ ಆಗಷ್ಟೇ ಎದ್ದಿದ್ದರು; ಅರ್ಧ ಬಾಯಿ ಮರಗಟ್ಟಿತ್ತು.

"ಫೆಲ್ಲು ಪಟ್ಟಿ ಮುಟ್ಟಿದ್ರಾ?"

"ಯಾವ ಪಟ್ಟಿ ಸಾರ್?"

"ಫೆಲ್ಲು! ಫೆಲ್ಲು! ಚಿಪ್ಪು!"

"ಮುಟ್ಟಿದೆ ಸಾರ್" ಎಂದರು ಶಿಸ್ತಪ್ಪನವರು. "ಎರಡು ಸಾಲು ಅಳಿಸಿದೆ. ತಪ್ಪಾಯ್ತು."

ಬೈಗುಳ ಬರುತ್ತದೆಂದು ಶಿಸ್ತಪ್ಪನವರು ಕಣ್ಣು ಮುಚ್ಚಿದರು. "ಹೋಗ್ಲಿ ಬಿಡಿ" ಎಂದಿತು ಅರ್ಧ ಬಾಯಿ. "ನಾನು ಹೊಫದರಲ್ಲಿ ಇಡೀ ಖಾತೆಗಳ ಕಡತಾನೇ ಅಳಿಫಿದ್ದೆ. ಎರಡು ದಿನ ಮನೆಗೆ ಹೋಗ್ಲಿಲ್ಲ. ಭಯ ಬೇಡ. ಯಂತ್ರ ಆರಿಫಿ, ಮತ್ತೆ ಹಚ್ಚಿ. ದುರಫ್ತಿಗೆ ಅಂತ ಒಂದು ಹಿಂಬಾಗಿಲು ಇದೆ. ಅದು ಪಟ್ಟಿ ಕೇಳಲ್ಲ, ರೂಟ್ ಪಾಫ್‌ವರ್ಡ್ ಒಂದಿದ್ರೆ ಫಾಕು."

ಹೀಗೆ, ಬಾಯಿಯ ಅರ್ಧದಿಂದ ಎಂಜಿನಿಯರು ಹೇಳುತ್ತಿದ್ದುದನ್ನು ಮೇಷ್ಟ್ರು ಫೋನಿಗೆ ಕಿವಿಗೊಟ್ಟು ಶುದ್ಧ ಕನ್ನಡಕ್ಕೆ ತಂದರು. ಸಿಸ್ಟರ್ ಅದನ್ನು ಚೀಟಿಯ ಮೇಲೆ ಬರೆದರು. ಶಿಸ್ತಪ್ಪನವರು ಒಂದೊಂದೇ ಅಕ್ಷರ ಒತ್ತಿದರು. ಹಿಂಬಾಗಿಲಿನಿಂದ ಒಳಹೊಕ್ಕು, ಬ್ಯಾಶಿನ ಚಿಕ್ಕ ವಿಳಾಸ ಒಂದು ಸಾಲು, ದಾನಿಮೆನುವಿನ ಲೋಕಲ್ ವಿಳಾಸ ಇನ್ನೊಂದು ಸಾಲು, ಎರಡನ್ನೂ ಪಟ್ಟಿಗೆ ವಾಪಸು ಸೇರಿಸಿದ್ದಾಯಿತು. ಯಂತ್ರವನ್ನು ಮತ್ತೆ ಹಚ್ಚಿದರು. ಸಿಸ್ಟರ್ ಯಾರಿಗೂ ಕಾಣದಂತೆ ಕೈ ಅಡ್ಡ ಹಿಡಿದು ಪಾಸ್‌ವರ್ಡ್ ಹಾಕಿದರು. ದಾನಿಗಳ ಪಟ್ಟಿ ತೆರೆದುಕೊಂಡಿತು. ಎಲ್ಲರ ಹೆಸರೂ ಇದ್ದವು. ಮೇಷ್ಟ್ರದಂತೂ ಎರಡು ಸಲ.

"ಒಂದು ತೆಗೀಲಾ ಸಾರ್?" ಎಂದರು ಸಿಸ್ಟರ್.

"ಏನನ್ನೂ ತೆಗೀಬೇಡಿ!" ಎಂದರು ಶಿಸ್ತಪ್ಪನವರು.

ಮಧ್ಯಾಹ್ನ ಎರಡೂವರೆಗೆ ಮೇಲಿನಿಂದ ಸುದ್ದಿ ಬಂತು: ರಕ್ತಸ್ರಾವ ನಿಂತಿದೆ, ಬಾಣಂತಿ ಕಣ್ಣು ತೆರೆದಿದ್ದಾಳೆ. ಅಷ್ಟು ಹೊತ್ತೂ ಮನೆಗೆ ಹೋಗದೆ ಕೌಂಟರಿನ ಮುಂದಿನ ಬೆಂಚುಗಳಲ್ಲಿ ಕುಳಿತಿದ್ದ ಜನ ಒಟ್ಟಿಗೇ ಉಸಿರು ಬಿಟ್ಟರು. ಬೇಕರಿಯಾಕೆ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ಹಿಟ್ಟು ಮಾಡಿಕೊಂಡಳು.

ಶಿಸ್ತಪ್ಪನವರು ಡಾಕ್ಟರಮ್ಮನ ಮೇಜಿನ ಮುಂದೆ ಹೋಗಿ ನಿಂತರು. "ಮೇಡಂ, ಮೇಲಿನ ಅಧಿಕಾರಿಗಳಿಗೆ ಬರೀರಿ. ಏನು ಶಿಕ್ಷೆ ಕೊಟ್ರೂ ಸರಿ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನಂತ ಬರೀಲಿ ಹೇಳಿ? 'ಇವರು ಪಟ್ಟಿ ಕೆಡಿಸಿದರು. ಆದ ಕಾರಣ ಪಟ್ಟೀಲಿದ್ದವರೇ ಬಂದು ಬಾಗಿಲಲ್ಲಿ ನಿಂತರು' ಅಂತಾನಾ? ಓದಿದೋರು ನನಗೇ ಹುಚ್ಚು ಅಂತಾರೆ. ಹೋಗ್ರಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಇನ್ಮೇಲೆ ಮೊದಲೇ ಹೇಳಿ. ಅಷ್ಟು ಸಾಕು."

ಹೊರಗೆ ಬಂದರೆ ಮೇಷ್ಟ್ರು ಕಾಯುತ್ತಿದ್ದರು. ಈಗ ಅವರಿಗೆ ಪೂರ್ತಿ ವಿಷಯ ತಿಳಿದಿತ್ತು. ಚಿಪ್ಪುಗಳನ್ನು ನಪುಂಸಕಲಿಂಗದಲ್ಲಿ ಕರೆದದ್ದು ವ್ಯಾಕರಣದ ಪ್ರಕಾರ ಸರಿಯೇ ಎಂದೂ ಒಪ್ಪಿದ್ದರು. "ತಪ್ಪು ತಿಳ್ಕೊಂಡೆ, ಕ್ಷಮಿಸಿ" ಎಂದರು.

"ಅಯ್ಯೋ ಮೇಷ್ಟ್ರೇ, ನೀವು ತಪ್ಪು ತಿಳ್ಕೊಂಡಿದ್ದಕ್ಕೇ ಆಕೆ ಬದುಕಿದ್ದು. ಸರಿಯಾಗಿ ತಿಳ್ಕೊಂಡಿದ್ರೆ ಮನೇಲಿ ಗಿಡಕ್ಕೆ ನೀರು ಬಿಡ್ತಾ ಇರ್ತಿದ್ರಿ."

ಇಬ್ಬರೂ ನಕ್ಕರು. ನಗುವಿನ ನಡುವೆಯೇ ಮೇಷ್ಟ್ರು ಕೇಳಿದರು: "ಅಂದ ಹಾಗೆ, ನಿಮ್ಮದು ಎಷ್ಟಾಯ್ತು? ಹದಿನೆಂಟು ವರ್ಷ ಇಲ್ಲೇ ಇದೀರಿ. ನನ್ನನ್ನ ಮೀರಿಸಿರಬೇಕು."

ಶಿಸ್ತಪ್ಪನವರ ನಗು ನಿಂತಿತು. ಹದಿನೆಂಟು ವರ್ಷ ಅವರು ಕಾರ್ಡು ಬರೆದಿದ್ದರು, ಮೊಹರು ಒತ್ತಿದ್ದರು, ಚೀಲಗಳಿಗೆ ಚೀಟಿ ಅಂಟಿಸಿದ್ದರು. ಸೂಜಿ ಕಂಡರೆ ಮಾತ್ರ ಮುಖ ತಿರುಗಿಸಿ ಪೆನ್ನು ಜೋಡಿಸತೊಡಗುತ್ತಿದ್ದರು.

"ಒಂದೂ ಇಲ್ಲ ಮೇಷ್ಟ್ರೇ" ಎಂದರು. "ನನ್ನದು ಯಾವ ಗುಂಪು ಅಂತಲೂ ಗೊತ್ತಿಲ್ಲ."

ಮೇಷ್ಟ್ರು ಅವರ ಭುಜ ತಟ್ಟಿ ಹೊರಟುಹೋದರು. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು ಎನಿಸಿತು ಶಿಸ್ತಪ್ಪನವರಿಗೆ.

ಮಾರನೆಯ ದಿನ ಹನ್ನೊಂದು ಗಂಟೆಗೆ ಅವರು ನಡುವಿನ ಕೋಣೆಯ ಮಂಚದ ಮೇಲೆ, ಹಲಗೆಯಂತೆ ಸೆಟೆದು, ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದ್ದರು. "ಬಿ ಪಾಸಿಟಿವ್" ಎಂದರು ಸಿಸ್ಟರ್, ಪರೀಕ್ಷೆಯ ಫಲಿತಾಂಶ ನೋಡಿ. ಡಾಕ್ಟರಮ್ಮನೇ ಸೂಜಿ ಹಾಕಿದರು. ಶಿಸ್ತಪ್ಪನವರು ಹದಿನೆಂಟು ವರ್ಷದಿಂದ ಬೇರೆಯವರಿಗೆ ಹೇಳಿಕೊಂಡು ಬಂದಿದ್ದ "ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂಬ ಮಾತು ಸುಳ್ಳೆಂದು ಆಗ ಗೊತ್ತಾಯಿತು. ಆದರೂ ಸಹಿಸಬಹುದಾದ ಸುಳ್ಳು.

ಚೀಲ ಅರ್ಧ ತುಂಬಿರಬೇಕು, ಬಾಗಿಲ ಬಳಿ ಒಂದು ಮುದಿ ಧ್ವನಿ ಕೇಳಿಸಿತು.

"ಪಟ್ಟಿ ಅಳಿಸಿದೋರು ಇಲ್ಲೇ ಇದಾರಾ?"

ಶಿಸ್ತಪ್ಪನವರು ಎದ್ದು ಓಡುವವರಂತೆ ತಲೆಯೆತ್ತಿದರು. "ಅಲ್ಲಾಡ್ಬೇಡಿ!" ಎಂದು ಡಾಕ್ಟರಮ್ಮ ಗದರಿದರು.

ಬಂದವರು ಬಾಣಂತಿಯ ಅತ್ತೆ. ಎಪ್ಪತ್ತು ದಾಟಿದ, ನಿದ್ದೆಯಿಲ್ಲದೆ ಕಣ್ಣು ಕೆಂಪಾದ ಅಜ್ಜಿ. ಮಂಚದ ಪಕ್ಕದ ಸ್ಟೂಲನ್ನು ಎಳೆದು ಕುಳಿತು, ಸೂಜಿಯಿಲ್ಲದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬೆಳಿಗ್ಗೆ ನನ್ನ ಸೊಸೆ ಎದ್ದು ಕೂತ್ಲಪ್ಪ. ಮಗೂನ ತೊಡೆ ಮೇಲೆ ಹಾಕ್ಕೊಂಡ್ಲು. ದರ್ಜಿ ಹತ್ರ ಹೋಗಿ ನಿಮ್ಮಿಂದ ಉಳಿದ್ಲು ಅಂದೆ. ಅವರು, ನನ್ನಿಂದಲ್ಲ, ಮೇಷ್ಟ್ರು ಕರ್ಕೊಂಡು ಹೋಗಿದ್ದಕ್ಕೆ ಹೋದೆ ಅಂದ್ರು. ಮೇಷ್ಟ್ರ ಹತ್ರ ಹೋದೆ. ಅವರು, ನನ್ನಿಂದಲ್ಲ, ಗುಮಾಸ್ತರು ಮಾಡಿದ ಕೆಲಸದಿಂದ ಅಂದ್ರು. ಅದಕ್ಕೇ ಇಲ್ಲಿಗೆ ಬಂದೆ. ನೀನಾದ್ರೂ ಇನ್ನೊಬ್ಬರ ಹತ್ರ ಕಳಿಸ್ಬೇಡಪ್ಪ. ಕಾಲು ನೋಯ್ತಾ ಇದೆ."

"ಅಮ್ಮಾ" ಎಂದರು ಶಿಸ್ತಪ್ಪನವರು. "ನಾನು ಮಾಡಿದ್ದು ತಪ್ಪು. ಅಳಿಸಬಾರದ್ದನ್ನ ಅಳಿಸಿದೆ. ಆ ದರ್ಜಿ ಬರದೇ ಇದ್ದಿದ್ರೆ ನಿಮ್ಮ ಸೊಸೆ..."

"ಬಂದನಲ್ಲ."

"ಆದ್ರೂ ತಪ್ಪು ತಪ್ಪೇ ಅಮ್ಮ."

ಅಜ್ಜಿ ಸ್ವಲ್ಪ ಯೋಚಿಸಿದರು. "ನಂಗೆ ಯಂತ್ರ, ಪಟ್ಟಿ ಒಂದೂ ಗೊತ್ತಾಗಲ್ಲ. ಮನೇಲಿ ಮೊನ್ನೆ ನಾಲ್ಕು ಜನ ಇದ್ವಿ, ಇವತ್ತು ಐದು ಜನ ಇದೀವಿ. ಅಷ್ಟು ಗೊತ್ತು. ಇಂಥ ತಪ್ಪು ಆಗಾಗ ಮಾಡ್ತಾ ಇರಪ್ಪ."

"ಬೇಡ!" ಎಂದರು ಡಾಕ್ಟರಮ್ಮನೂ ಸಿಸ್ಟರೂ ಒಂದೇ ಬಾಯಲ್ಲಿ.

ಶಿಸ್ತಪ್ಪನವರಿಗೆ ನಗು ಉಕ್ಕಿತು. ಅಲ್ಲಾಡಬಾರದೆಂದು ತುಟಿ ಬಿಗಿಹಿಡಿದರು. ತಡೆದ ನಗು ಎಲ್ಲಿಗೋ ಹೋಗಬೇಕಲ್ಲ. ಕಣ್ಣಿನಿಂದ ನೀರಾಗಿ ಹರಿದು, ಮಲಗಿದ್ದವರ ಕಿವಿಯೊಳಕ್ಕೆ ಇಳಿಯಿತು. ಒಂದು ಕೈಯಲ್ಲಿ ಸೂಜಿ ಇತ್ತು, ಇನ್ನೊಂದನ್ನು ಅಜ್ಜಿ ಬಿಟ್ಟಿರಲಿಲ್ಲ. ಒರೆಸಿಕೊಳ್ಳೋಣವೆಂದರೆ ಅವರಿಗೆ ಕೈಯೇ ಖಾಲಿ ಇರಲಿಲ್ಲ.